ಗಾಡಿಯ ಹಾಡಿಗೆ ತಂತಿ ಎಳೆಯುವ ಮುನ್ನ

ನವಲಗುಂದ ತಾಲೂಕಿನ ತಿರ್ಲಾಪುರವು ಎರೆಭೂಮಿಯ ಊರು. ಇಂಥ ಊರುಗಳಿಂದ ಉಳ್ಳಾಗಡ್ಡಿ, ಮೆಣಸಿನಕಾಯಿ, ಹೆಸರು, ಕಡಲೆಗಳು ಹುಬ್ಬಳ್ಳಿಯ ಪೇಟೆಗೆ ಸಾಗುವುದು ಈಗ ಬಹುಮಟ್ಟಿಗೆ ಪಿಕಪ್ ಗಾಡಿಗಳಲ್ಲಿ. ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟಿ, ಕೋಡಿಗೆ ಬಣ್ಣ ಬಳಿದು ಸಂತೋಷಪಟ್ಟವರ ಮಕ್ಕಳು ಮೊಮ್ಮಕ್ಕಳು ಇಂದು ಗಾಡಿಗೆ ಹಾಡಿನ ಪೆಟ್ಟಿಗೆಯನ್ನು ಕೂಡಿಸಿ ಸಂತೋಷಪಡುತ್ತಾರೆ. ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ರಾತ್ರಿಯ ದಾರಿಯಲ್ಲಿ ಒಬ್ಬಂಟಿ ಚಾಲಕನಿಗೆ ಹಾಡು ಒಳ್ಳೆಯ ಜೊತೆಗಾರ. ಆದರೆ ಪೆಟ್ಟಿಗೆಯನ್ನು ಆರಿಸುವಾಗ ತೋರುವ ಆಸ್ಥೆಯಲ್ಲಿ ಹತ್ತನೆಯ ಒಂದು ಪಾಲನ್ನಾದರೂ ಅದಕ್ಕೆ ವಿದ್ಯುತ್ತನ್ನು ತರುವ ತಂತಿಯ ವಿಷಯದಲ್ಲಿ ತೋರಿಸುವವರು ವಿರಳ. ಈ ತಂತಿ ಎಳೆಯುವ ಕೆಲಸವನ್ನು ಬರಿಯ ಕೈಚಳಕವೆಂದು ತಿಳಿದು ಬಿಟ್ಟುಬಿಡಬಾರದು, ಪ್ರೌಢಶಾಲೆಯ ಭೌತಶಾಸ್ತ್ರವನ್ನು ಓದಿದ ಹುಡುಗನು ಅದನ್ನು ತಾನೇ ಲೆಕ್ಕಹಾಕಿ ನೋಡಬೇಕು ಎಂಬುದು ನಮ್ಮ ಮತ. ಏಕೆಂದರೆ ಇಲ್ಲಿ ಲೆಕ್ಕ ತಪ್ಪಿದರೆ ಕಳೆಯುವುದು ಅಂಕಗಳನ್ನಷ್ಟೇ ಅಲ್ಲ; ಸಾಲ ಮಾಡಿ ಕೊಂಡ ಗಾಡಿಗೇ ಬೆಂಕಿ ಬೀಳಬಹುದು.

ಮೊದಲು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನೇ ಪರೀಕ್ಷಿಸೋಣ. ನಾಲ್ಕು ಸ್ಪೀಕರುಗಳಿಗೆ ತಲಾ 50 ವ್ಯಾಟು, ಒಟ್ಟು 200 ವ್ಯಾಟು ಎಂದು ಅಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ಅದೇ ಪೆಟ್ಟಿಗೆಯ ಬೆನ್ನಿಗೆ ಎಷ್ಟೋ ವೇಳೆ 10 ಆಂಪಿಯರಿನ ಕೆಂಪು ಫ್ಯೂಸು ಇರುತ್ತದೆ. ಎಂಜಿನ್ನು ತಿರುಗುತ್ತಿರುವಾಗ ಗಾಡಿಯ ವಿದ್ಯುದ್ವ್ಯವಸ್ಥೆಯ ಒತ್ತಡ ಸುಮಾರು 14.4 ವೋಲ್ಟು. ಹತ್ತರಿಂದ ಗುಣಿಸಿದರೆ 144 ವ್ಯಾಟು. ಒಳಗೆ ಹೋಗುವುದು 144, ಹೊರಗೆ ಬರುವುದು 200! ಶಕ್ತಿಯ ನಿತ್ಯತೆಯ ನಿಯಮವನ್ನು ಓದಿದ ಯಾವ ವಿದ್ಯಾರ್ಥಿಯೂ ಇಲ್ಲಿ ಒಮ್ಮೆ ಹುಬ್ಬೇರಿಸದೆ ಮುಂದೆ ಹೋಗಲಾರನು.

ಹಾಗಾದರೆ ಈ 50 ಎಲ್ಲಿಂದ ಬಂದಿತು? ಸ್ಪೀಕರಿನ ರೋಧ ಸಾಮಾನ್ಯವಾಗಿ 4 ಓಮ್. 14.4 ವೋಲ್ಟನ್ನು ಅದರಿಂದಲೇ ಗುಣಿಸಿ 4ರಿಂದ ಭಾಗಿಸಿದರೆ 51.84 ವ್ಯಾಟು ದೊರೆಯುತ್ತದೆ. ಎಂದರೆ, ಧ್ವನಿಯ ತರಂಗವು ತನ್ನ ದುಂಡನೆಯ ಏರಿಳಿತವನ್ನು ಕಳೆದುಕೊಂಡು, ಕತ್ತರಿಸಿದಂತೆ ಚೌಕವಾಗಿ, ಪೂರ್ಣ ಒತ್ತಡದಲ್ಲಿಯೇ ಅತ್ತಿಂದಿತ್ತ ನೆಗೆದಾಡುವಾಗ ಬರತಕ್ಕ ಸಂಖ್ಯೆ ಇದು. ಕೇಳುವ ಕಿವಿಗೆ ಅದು ಸಂಗೀತವೆನಿಸದು. ಶುದ್ಧವಾದ ತರಂಗಕ್ಕೆ ಇದರ ಅರ್ಧವೇ ಮಿತಿ, ಸುಮಾರು 26 ವ್ಯಾಟು. ಟ್ರಾನ್ಸಿಸ್ಟರುಗಳಲ್ಲಿ ನಷ್ಟವಾಗುವುದನ್ನು ಕಳೆದರೆ ಇಪ್ಪತ್ತರ ಆಸುಪಾಸು ಉಳಿದೀತು. ಇದು ಕಡಿಮೆಯೆಂದು ಯಾರೂ ಮರುಗಬೇಕಾಗಿಲ್ಲ. ಚಾಲಕನು ಕುಳಿತುಕೊಳ್ಳುವ ಚಿಕ್ಕ ಕೋಣೆಗೆ ಇಪ್ಪತ್ತು ವ್ಯಾಟು ಬೇಕಾದುದಕ್ಕಿಂತ ಹೆಚ್ಚೇ. ನಮ್ಮ ಕಿವಿಯ ರಚನೆಯಾದರೂ ಎಂಥದೆಂದರೆ, ವ್ಯಾಟುಗಳನ್ನು ಇಮ್ಮಡಿಗೊಳಿಸಿದರೆ ಅದಕ್ಕೆ ತುಸುವೇ ವ್ಯತ್ಯಾಸ ತಿಳಿಯುತ್ತದೆ. ಸದ್ದು ಎರಡು ಪಟ್ಟಾಯಿತೆಂದು ಅನಿಸಬೇಕಾದರೆ ವ್ಯಾಟುಗಳು ಸುಮಾರು ಹತ್ತು ಪಟ್ಟಾಗಬೇಕು.

ಇಷ್ಟಕ್ಕೆ ತೃಪ್ತರಾಗದವರು ಬೇರೊಂದು ಆಂಪ್ಲಿಫಾಯರನ್ನು ತಂದು ಆಸನದ ಹಿಂದೆ ಕೂಡಿಸುತ್ತಾರೆ. ಅಪಾಯವು ಕಾಲಿಡುವುದು ಇಲ್ಲಿಂದ. ಅದು ಪೂರ್ಣಬಲದಲ್ಲಿ 30 ಆಂಪಿಯರ್ ಎಳೆಯುತ್ತದೆಂದೂ ಬ್ಯಾಟರಿಯಿಂದ ಅಲ್ಲಿಗೆ 5 ಮೀಟರ್ ತಂತಿ ಬೇಕೆಂದೂ ಇಟ್ಟುಕೊಳ್ಳೋಣ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ 0.017 ಓಮ್ ರೋಧವಿರುತ್ತದೆ. 5 ಮೀಟರಿಗೆ 0.085. ಓಮನು 1827ರಲ್ಲಿ ಪ್ರಕಟಿಸಿದ ನಿಯಮದಂತೆ ಈ ತಂತಿಯಲ್ಲಿಯೇ ಎರಡೂವರೆ ವೋಲ್ಟು ಸೋರಿಹೋಗುತ್ತದೆ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಬೇಕೆಂಬ ಜೂಲನ ನಿಯಮದಂತೆ 76 ವ್ಯಾಟು ಶಾಖವಾಗುತ್ತದೆ. ಹಿಂದೆ ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ 60 ವ್ಯಾಟಿನ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಇದರ ಅರ್ಥ ಬೇಗನೆ ಆಗುತ್ತದೆ. ಅದಕ್ಕೂ ಹೆಚ್ಚಿನ ಶಾಖವು ನೆಲಹಾಸಿನ ಕೆಳಗೆ, ಗಾಳಿಯಾಡದ ಜಾಗದಲ್ಲಿ ಕೂಡುತ್ತ ಹೋಗುತ್ತದೆ. ತಂತಿಯ ದಪ್ಪವನ್ನು 10 ಚದರ ಮಿಲಿಮೀಟರಿಗೆ ಏರಿಸಿದರೆ ಸೋರುವುದು ಕಾಲು ವೋಲ್ಟು. ಶಾಖ ಎಂಟು ವ್ಯಾಟಿಗೂ ಕಡಿಮೆ. ಪೇಟೆಯಲ್ಲಿ ದೊರೆಯುವ ಅಗ್ಗದ ತಂತಿಯ ಒಳಗನ್ನು ಸ್ವಲ್ಪ ಕೆರೆದು ನೋಡುವುದೂ ಒಳ್ಳೆಯದು. ಎಷ್ಟೋ ಸಲ ಅದು ತಾಮ್ರದ ಲೇಪವುಳ್ಳ ಅಲ್ಯುಮಿನಿಯಂ ಆಗಿದ್ದು, ಅದರ ರೋಧ ತಾಮ್ರದ ರೋಧದ ಒಂದೂವರೆ ಪಟ್ಟು ಇರುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ಫ್ಯೂಸು ಎಲ್ಲಿರಬೇಕು? ಕೇಳಿದವರಲ್ಲಿ ಹತ್ತಕ್ಕೆ ಎಂಟು ಮಂದಿ, “ಪೆಟ್ಟಿಗೆಯ ಬೆನ್ನಿಗೇ ಒಂದಿದೆಯಲ್ಲ, ಮತ್ತೊಂದೇಕೆ?” ಎನ್ನುವವರೇ. ಈ ಉತ್ತರದ ಹಿಂದೆ ಒಂದು ತಪ್ಪು ತಿಳಿವಳಿಕೆಯಿದೆ. ಪೆಟ್ಟಿಗೆಯ ಬೆನ್ನಿನ ಫ್ಯೂಸು ಪೆಟ್ಟಿಗೆಯನ್ನು ಕಾಯುತ್ತದೆ. ಬ್ಯಾಟರಿಯಿಂದ ಪೆಟ್ಟಿಗೆಯವರೆಗಿನ ತಂತಿಯನ್ನು ಕಾಯುವವರು ಯಾರು? ನವಿಲುತೀರ್ಥದ ಅಣೆಕಟ್ಟಿನಿಂದ ಬರುವ ಮಲಪ್ರಭೆಯ ಕಾಲುವೆಯನ್ನು ಬಲ್ಲ ನವಲಗುಂದದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆಯ ಏರಿ ನಡುವೆಲ್ಲೋ ಒಡೆದಾಗ ನಮ್ಮ ಹೊಲದ ತೂಬನ್ನು ಮುಚ್ಚಿ ಪ್ರಯೋಜನವೇನು? ತಲೆಯ ಬಾಗಿಲನ್ನೇ ಇಳಿಸಬೇಕು.

ತಂತಿಯು ಒಡೆಯುವ, ಎಂದರೆ ಅದರ ಹೊದಿಕೆ ಹರಿದು ಒಳಗಿನ ತಾಮ್ರವು ಗಾಡಿಯ ಉಕ್ಕಿಗೆ ತಾಗುವ ಸಂದರ್ಭಗಳು ಬೇಕಾದಷ್ಟಿವೆ. ಎಂಜಿನ್ನಿನ ಕೋಣೆಗೂ ಚಾಲಕನ ಕೋಣೆಗೂ ನಡುವಿನ ತಗಡಿನ ರಂಧ್ರದಲ್ಲಿ ತಂತಿಯನ್ನು ತೂರಿಸುವಾಗ ಅದಕ್ಕೆ ರಬ್ಬರಿನ ಬಳೆಯನ್ನು ತೊಡಿಸದೆ ಬಿಟ್ಟರೆ ತಗಡಿನ ಅಂಚು ಗರಗಸವಾಗುತ್ತದೆ. ಮಳೆಗಾಲದಲ್ಲಿ ಕೆಸರಾಗಿ ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗುವ ಎರೆಮಣ್ಣಿನ ಗಾಡಿದಾರಿಯ ಕುಲುಕಾಟದಲ್ಲಿ ಆ ಗರಗಸವು ನಿತ್ಯವೂ ಆಡುತ್ತದೆ. ಕಾಳಿನ ವಾಸನೆಗೆ ಗಾಡಿಯನ್ನು ಹೊಕ್ಕ ಇಲಿಯು ಕಡಲೆಯ ಜೊತೆಗೆ ತಂತಿಯನ್ನೂ ಕಡಿಯದೆ ಬಿಡದು. ಹೀಗೆ ಒಂದು ಚದರ ಮಿಲಿಮೀಟರಿನ ತಂತಿಯು ಬ್ಯಾಟರಿಯಿಂದ 2 ಮೀಟರ್ ದೂರದಲ್ಲಿ ಉಕ್ಕಿಗೆ ತಾಗಿತೆನ್ನಿ. ತಂತಿಯ ರೋಧ 0.034 ಓಮ್. ಬ್ಯಾಟರಿಯ ಒಳರೋಧವನ್ನು 0.01 ಎಂದು ಹಿಡಿದರೂ ಹರಿಯುವ ಪ್ರವಾಹ ಸುಮಾರು 280 ಆಂಪಿಯರ್! ಡೀಸೆಲ್ ಎಂಜಿನ್ನನ್ನು ತಿರುಗಿಸಿ ಎಬ್ಬಿಸಬಲ್ಲ ಬ್ಯಾಟರಿಗೆ ಇದು ದೊಡ್ಡದೇನಲ್ಲ. ತಂತಿಯಲ್ಲಿ ಹುಟ್ಟುವ ಶಾಖ ಎರಡೂವರೆ ಸಾವಿರ ವ್ಯಾಟಿಗೂ ಮೇಲೆ. ಬಕೆಟ್ಟಿನ ನೀರನ್ನು ಕಾಯಿಸುವ ವಿದ್ಯುತ್ ಸಲಾಕೆಗಿಂತ ಹೆಚ್ಚು. ಹದಿನೆಂಟು ಗ್ರಾಂ ತೂಕದ ತಾಮ್ರದಲ್ಲಿ ಇಷ್ಟು ಶಾಖ ಹುಟ್ಟಿದರೆ, ಅದರ ಪ್ಲಾಸ್ಟಿಕ್ ಹೊದಿಕೆ ಕರಗಿ ಹೊಗೆಯಾಡಲು ಒಂದೆರಡು ಸೆಕೆಂಡುಗಳೇ ಸಾಕು. ಈ ಪ್ರವಾಹವು ಪೆಟ್ಟಿಗೆಯನ್ನು ತಲುಪುವುದೇ ಇಲ್ಲವಾದ್ದರಿಂದ ಅದರ ಬೆನ್ನಿನ ಫ್ಯೂಸು ಕೊನೆಯವರೆಗೂ ಸುಸ್ಥಿತಿಯಲ್ಲಿಯೇ ಇರುತ್ತದೆ. ಬೂದಿಯಲ್ಲಿ ಹುಡುಕಿದರೆ ಅಖಂಡವಾಗಿಯೇ ಸಿಕ್ಕೀತು!

ಆದುದರಿಂದ ಫ್ಯೂಸು ಬ್ಯಾಟರಿಯ ಧನಾಗ್ರದಿಂದ ಒಂದು ಗೇಣಿನೊಳಗೆ ಇರಬೇಕು. ಅದರ ಬೆಲೆಯನ್ನು ಗೊತ್ತುಮಾಡತಕ್ಕದ್ದು ತಂತಿಯ ದಪ್ಪವನ್ನು ನೋಡಿ: ತಂತಿ ಸುರಕ್ಷಿತವಾಗಿ ಹೊರಬಲ್ಲ ಪ್ರವಾಹಕ್ಕಿಂತ ಫ್ಯೂಸಿನ ಅಂಕ ಎಂದೂ ಹೆಚ್ಚಾಗಿರಕೂಡದು. ಅಲಗಿನಾಕಾರದ ಫ್ಯೂಸುಗಳಿಗೆ ಬಣ್ಣದ ಸಂಕೇತವುಂಟು. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಕೆಂಪು ಪದೇ ಪದೇ ಸುಟ್ಟುಹೋಗುತ್ತದೆಂದು ಹಸಿರನ್ನು ಸಿಕ್ಕಿಸುವವನು ಕಾವಲುಗಾರನು ಬೊಬ್ಬೆ ಹಾಕುತ್ತಾನೆಂದು ಅವನ ಬಾಯಿಗೆ ಬಟ್ಟೆ ತುರುಕಿದಂತೆ. ತಂತಿಯ ಎಳೆಯನ್ನೋ ಬೆಳ್ಳಿಯ ಕಾಗದವನ್ನೋ ಸುತ್ತುವವನ ವಿಷಯವನ್ನು ಹೇಳದಿರುವುದೇ ಲೇಸು.

ಈ ತೊಡಕು ಹೊಸದೇನೂ ಅಲ್ಲ. ಅಮೆರಿಕದ ಪಾಲ್ ಗಾಲ್ವಿನ್ ಎಂಬ ಉದ್ಯಮಿ 1930ರಲ್ಲಿ ‘ಮೊಟೊರೋಲಾ’ ಎಂಬ ಕಾರಿನ ರೇಡಿಯೋವನ್ನು ಮಾರುಕಟ್ಟೆಗೆ ತಂದನು. ಸಾಲ ಪಡೆಯುವುದಕ್ಕೆಂದು ಆತನು ಬ್ಯಾಂಕಿನ ಅಧಿಕಾರಿಯೊಬ್ಬನ ಪ್ಯಾಕಾರ್ಡ್ ಕಾರಿಗೆ ಅಂಥ ರೇಡಿಯೋವನ್ನು ಕೂಡಿಸಿಕೊಟ್ಟನಂತೆ; ಅರ್ಧ ಗಂಟೆಯಲ್ಲಿ ಕಾರಿಗೆ ಬೆಂಕಿ ಹತ್ತಿತಂತೆ; ಸಾಲ ಸಿಗಲಿಲ್ಲವಂತೆ. ಕಥೆಯಲ್ಲಿ ಉಪ್ಪು ಖಾರ ಸೇರಿರಬಹುದಾದರೂ ಅದನ್ನು ಕೇಳಿದ ಯಾವ ಮಿಸ್ತ್ರಿಯೂ ಅಸಂಭವವೆಂದು ನಗಲಾರನು.

ಋಣದ ಕಡೆಯ ತಂತಿಗೆ ಹೆಚ್ಚು ಮಾತು ಬೇಡ. ಹೋದಷ್ಟು ಪ್ರವಾಹವೂ ಹಿಂತಿರುಗಬೇಕಾದುದರಿಂದ ಅದೂ ಅಷ್ಟೇ ದಪ್ಪವಿರಬೇಕು, ಬಣ್ಣವನ್ನು ಕೆರೆದು ಹೊಳೆಯುವ ಲೋಹಕ್ಕೇ ಅದನ್ನು ಬಿಗಿಯಬೇಕು. ಇದಕ್ಕೆ ಸಂಬಂಧಿಸಿದ ಇನ್ನೊಂದು ಹಳೆಯ ರೂಢಿಯನ್ನು ಮಾತ್ರ ಬಿಡಲೇಬೇಕು. ಹಿಂದಿನ ರೇಡಿಯೋಗಳಲ್ಲಿ ಸ್ಪೀಕರಿನ ಒಂದು ತುದಿಯನ್ನು ಗಾಡಿಯ ಮೈಗೆ ಕಟ್ಟುತ್ತಿದ್ದರು. ಇಂದಿನ ಪೆಟ್ಟಿಗೆಗಳಲ್ಲಿ ಸ್ಪೀಕರಿನ ಎರಡು ತುದಿಗಳಲ್ಲಿಯೂ ಬ್ಯಾಟರಿಯ ಅರ್ಧದಷ್ಟು ಒತ್ತಡ ಇರುತ್ತದೆ. ಯಾವುದೊಂದನ್ನು ಮೈಗೆ ತಾಗಿಸಿದರೂ ಪೆಟ್ಟಿಗೆಗೆ ಕೇಡು.

ಬೆಂಕಿಯಷ್ಟು ಭೀಕರವಲ್ಲದಿದ್ದರೂ ಹೆಚ್ಚು ಜನರಿಗೆ ಒದಗುವ ಕಷ್ಟ ಬೇರೊಂದಿದೆ. ಪೆಟ್ಟಿಗೆಯಿಂದ ಹಳದಿ ಮತ್ತು ಕೆಂಪು ಎಂಬ ಎರಡು ತಂತಿಗಳು ಹೊರಡುತ್ತವೆ. ಹಳದಿಯು ಸದಾ ಬ್ಯಾಟರಿಗೆ ಅಂಟಿಕೊಂಡಿದ್ದು ನೆನಪನ್ನು ಕಾಯುತ್ತದೆ. ಅದು ಕುಡಿಯುವುದು ಕೆಲವೇ ಮಿಲಿಆಂಪಿಯರ್. ಕೆಂಪು ಬೀಗದ ಕೈಯ ಅಧೀನದಲ್ಲಿರಬೇಕು. ಅವಸರದವರು ಎರಡನ್ನೂ ಹೆಣೆದು ಒಂದೇ ಕಡೆ ಕಟ್ಟಿಬಿಡುತ್ತಾರೆ. ಆಮೇಲೆ ಕೈಯನ್ನು ತೆಗೆದರೂ ಹಾಡು ನಿಲ್ಲದು. ಪೆಟ್ಟಿಗೆಯನ್ನು ಆರಿಸಲು ಮರೆತರೆ ಆಂಪ್ಲಿಫಾಯರೂ ಎಚ್ಚರವಾಗಿಯೇ ಇರುತ್ತದೆ. ಸದ್ದಿಲ್ಲದೆ ಕುಳಿತಾಗಲೂ ಅದು ಒಂದು ಆಂಪಿಯರಿನಷ್ಟು ಎಳೆದರೆ ಎರಡು ದಿನಗಳಲ್ಲಿ 48 ಆಂಪಿಯರ್-ಗಂಟೆ ಖರ್ಚಾಗಿ, 60ರ ಬ್ಯಾಟರಿಯಲ್ಲಿ ಎಂಜಿನ್ನನ್ನು ಎಬ್ಬಿಸುವ ತ್ರಾಣ ಉಳಿಯುವುದಿಲ್ಲ. ಉಳ್ಳಾಗಡ್ಡಿಯ ಚೀಲಗಳನ್ನು ಹೇರಿಕೊಂಡು ಪೇಟೆಯ ಸರದಿಯಲ್ಲಿ ರಾತ್ರಿಯಿಡೀ ನಿಂತ ಗಾಡಿಯು ಬೆಳಗಿನ ಸವಾಲಿನ ಹೊತ್ತಿಗೆ ಮಿಸುಕದಿದ್ದರೆ, ಅಂದಿನ ಬೆಲೆಯೂ ತಪ್ಪುತ್ತದೆ. ಮೇಲೆ ಮಳೆ ಬಂದರೆ ಮಾಲೂ ಕೊಳೆಯುತ್ತದೆ. ಪದೇ ಪದೇ ಬರಿದಾದ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಗಟ್ಟಿಯಾದ ಸೀಸದ ಸಲ್ಫೇಟು ಕೂತು ಅದರ ಆಯುಷ್ಯ ಕುಗ್ಗುವುದು ಬೇರೆ.

“ಇದೆಲ್ಲ ಮಿಸ್ತ್ರಿಯ ಕೆಲಸ, ವಿದ್ಯಾರ್ಥಿಗೇಕೆ?” ಎಂದು ಕೇಳುವವರಿದ್ದಾರೆ. ಮಿಸ್ತ್ರಿಯ ಬಗೆಗೆ ನಮಗೆ ಅನಾದರವಿಲ್ಲ. ಒಳ್ಳೆಯ ಮಿಸ್ತ್ರಿಯ ಬೆರಳುಗಳಿಗೆ ತಿಳಿದಿರುವುದು ಎಷ್ಟೋ ಪುಸ್ತಕಗಳಲ್ಲಿ ಇಲ್ಲ. ಆದರೆ ಗಿರಾಕಿಯು ಫ್ಯೂಸು ಬೇಡ, ದಪ್ಪ ತಂತಿ ದುಬಾರಿ ಎಂದು ಹಟ ಹಿಡಿದಾಗ ಆತನೇನು ಮಾಡಬಲ್ಲನು? ಆ ಗಿರಾಕಿಯ ಮನೆಯಲ್ಲಿ ಓಮನ ನಿಯಮವನ್ನು ಬಾಯಿಪಾಠ ಮಾಡಿದ ಒಬ್ಬ ಮಗನೋ ಮಗಳೋ ಇರುತ್ತಾರೆ. ಪರೀಕ್ಷೆಯಲ್ಲಿ ಅವರು ಮೂರು ರೋಧಕಗಳನ್ನು ಸಮಾಂತರವಾಗಿ ಜೋಡಿಸಿ ಉತ್ತರ ಬರೆಯುತ್ತಾರೆ. ಅಂಗಳದಲ್ಲಿ ನಿಂತ ಗಾಡಿಗೂ ಆ ಲೆಕ್ಕಕ್ಕೂ ಸಂಬಂಧವಿದೆಯೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಶಾಲೆಯ ಪ್ರಯೋಗಶಾಲೆಗೆ ಒಂದು ಹಳೆಯ ಗಾಡಿಯ ಪೆಟ್ಟಿಗೆ, ಎರಡು ಸ್ಪೀಕರು, ನಾಲ್ಕು ಬಣ್ಣದ ಫ್ಯೂಸುಗಳು, ಒಂದು ಬಹುಮಾಪಕ ಇಷ್ಟನ್ನು ಒದಗಿಸುವುದು ಕಷ್ಟವೇನಲ್ಲ. ಹೊಸ ಸಲಕರಣೆಗಳ ಪಟ್ಟಿಗಾಗಿ ವರ್ಷಗಟ್ಟಲೆ ಕಾಯುವ ಬದಲು ನಮ್ಮ ಅಧ್ಯಾಪಕರು ಇದನ್ನು ಮಾಡಿ ನೋಡಬೇಕು.

ಮೊದಲ ದಿನದ ಪಾಠಕ್ಕೆ ಒಂದೂವರೆ ವೋಲ್ಟಿನ ಕೋಶವೊಂದೇ ಸಾಕು. ಗುರುತು ಅಳಿಸಿಹೋದ ಸ್ಪೀಕರಿನ ಎರಡು ತುದಿಗಳಿಗೆ ಕೋಶದ ತಂತಿಗಳನ್ನು ಕ್ಷಣಮಾತ್ರ ತಾಗಿಸಿದರೆ ಕಾಗದದ ಶಂಕುವು ಹೊರಕ್ಕೆ ಉಬ್ಬುತ್ತದೆ, ಇಲ್ಲವೆ ಒಳಕ್ಕೆ ಸೇದಿಕೊಳ್ಳುತ್ತದೆ. ಹೊರಕ್ಕೆ ಬಂದರೆ ಕೋಶದ ಧನಾಗ್ರಕ್ಕೆ ತಾಗಿದ ತುದಿಯೇ ಸ್ಪೀಕರಿನ ಧನ. ಎರಡು ಸ್ಪೀಕರುಗಳಲ್ಲಿ ಒಂದನ್ನು ತಿರುವುಮುರುವಾಗಿ ಕಟ್ಟಿದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುವುದರಿಂದ ತಬಲಾದ ಎಡಗೈಯ ಗುಮಕು ಮಾಯವಾಗಿಬಿಡುತ್ತದೆ; ಹೆಚ್ಚಿನ ವ್ಯಾಟು ಬೇಕೆಂದು ಅಂಗಡಿಗೆ ಓಡುವವರಲ್ಲಿ ಕೆಲವರಿಗೆ ಬೇಕಾಗಿರುವುದು ಈ ಎರಡು ತುದಿಗಳ ಅದಲುಬದಲು ಮಾತ್ರ.