ಉದ್ರಿ ಪುಸ್ತಕದಲ್ಲಿ ನಮ್ಮ ಹೆಸರು

ಬಡತನದಲ್ಲಿ ಬೆಳೆದವನೊಬ್ಬ ಸಣ್ಣ ಅಂಗಡಿ ತೆರೆದು ಎರಡೇ ವರ್ಷದಲ್ಲಿ ಬಾಗಿಲು ಹಾಕಿದರೆ ನಾವು ತಡಮಾಡದೆ ತೀರ್ಪು ಕೊಡುತ್ತೇವೆ: "ಅವನಿಗೆ ವ್ಯಾಪಾರ ಗೊತ್ತಿಲ್ಲ, ಕೈಯಲ್ಲಿ ಕಾಸು ನಿಲ್ಲುವುದಿಲ್ಲ." ಈ ತೀರ್ಪನ್ನು ನಾನು ಒಪ್ಪಲಾರೆ.

ಸೊರಬ ತಾಲ್ಲೂಕಿನ ಹೊಸಬಾಳೆಯಂಥ ಹಳ್ಳಿಯಲ್ಲಿ ಗೂಡಂಗಡಿ ಇಡುವವನ ಲೆಕ್ಕವನ್ನು ನೀವೇ ಹಾಕಿ ನೋಡಿ. ಪೇಟೆಯಿಂದ 5,000 ರೂಪಾಯಿಯ ಸಾಮಾನು ತರುತ್ತಾನೆ. 2,000 ರೂಪಾಯಿಯಷ್ಟು ಉದ್ರಿಗೆ ಹೋಯಿತೆನ್ನಿ. ನೂರಕ್ಕೆ ಹತ್ತು ಲಾಭವಿದ್ದರೂ ಅವನ ಕೈಗೆ ಬರುವುದು 3,300 ಮಾತ್ರ. ಮುಂದಿನ ಸಲ ಅಷ್ಟಕ್ಕೇ ಸಾಮಾನು. ಕಪಾಟು ಬರಿದಾಗುತ್ತದೆ, ನಗದು ಕೊಡುವ ಗಿರಾಕಿ ಬೇಕಾದದ್ದು ಸಿಗದೆ ಪೇಟೆಗೆ ಹೋಗುತ್ತಾನೆ. ಅನುಕೂಲಸ್ಥರ ಮಗನಾದರೆ ಅಪ್ಪನ ಅಡಿಕೆ ತೋಟ ಆ ಕೊರತೆಯನ್ನು ತುಂಬೀತು. ಬಡವನ ಮಗನಿಗೆ ಅದನ್ನು ತುಂಬಿಕೊಡುವವನು ಬಡ್ಡಿ ವ್ಯವಹಾರದವನು.

ನಗರಗಳ ಬೀದಿ ವ್ಯಾಪಾರಿಗಳು ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1,000 ತೀರಿಸುವ ಪದ್ಧತಿಯನ್ನು ನೀವು ಕೇಳಿರಬಹುದು. ಅದಕ್ಕೆಂದೇ ರಾಜ್ಯ ಸರ್ಕಾರ 2018ರಲ್ಲಿ 'ಬಡವರ ಬಂಧು' ಯೋಜನೆಯಡಿ 10,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ ಕೊಡತೊಡಗಿತು. ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು. ಒಳ್ಳೆಯದೇ. ಆದರೆ ನಮ್ಮ ಉದ್ರಿ ಬಾಕಿಯನ್ನು ಯಾವ ಸುಗ್ರೀವಾಜ್ಞೆ ತೀರಿಸೀತು?

"ಕೊಡದಿದ್ದರಾಯಿತು, ಅವನೇಕೆ ಉದ್ರಿ ಕೊಡಬೇಕು?" ಎನ್ನುವವರಿದ್ದಾರೆ. ತನ್ನ ತಾಯಿ ಕೂಲಿ ಮಾಡಿದ ಗದ್ದೆಯ ಒಡೆಯರು ಬಂದು "ಬರೆದುಕೋ" ಎಂದರೆ, ಇಲ್ಲವೆನ್ನಲು ಅವನಿಗೆ ನಾಲಿಗೆ ಏಳುವುದೇ? ಬಡತನ ಅವನಿಗೆ ದುಡಿಯುವುದನ್ನು ಕಲಿಸಿದೆ, ಮಿತವ್ಯಯವನ್ನು ಕಲಿಸಿದೆ; ಉಳ್ಳವರೆದುರು ಬಾಕಿ ಕೇಳುವುದನ್ನು ಮಾತ್ರ ಕಲಿಸಿಲ್ಲ.

ಮಂಗಳೂರಿನಲ್ಲಿ ಕಿತ್ತಳೆ ಮಾರಿ ಉಳಿಸಿದ ಹಣದಿಂದ ತಮ್ಮೂರಿನಲ್ಲಿ ಶಾಲೆಗೆ ದಾರಿ ಮಾಡಿದ ಹರೇಕಳ ಹಾಜಬ್ಬನವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ನಾವೆಲ್ಲ ಹಿಗ್ಗಿದೆವು. ಅದೇ ನಾವು ಸಂತೆಯಲ್ಲಿ ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುತ್ತೇವೆ. ಪೇಟೆಯ ದೊಡ್ಡ ಮಳಿಗೆಯಲ್ಲಿ ಚೀಟಿಯಲ್ಲಿದ್ದ ಬೆಲೆಯನ್ನು ಬಾಯಿ ಮುಚ್ಚಿಕೊಂಡು ತೆರುತ್ತೇವೆ.

ಮಳೆಗಾಲದಲ್ಲಿ ಕೂಲಿಯಿಲ್ಲದೆ ಅಕ್ಕಿಯನ್ನು ಉದ್ರಿ ಒಯ್ಯುವ ತಾಯಿಯ ಮೇಲೆ ನನ್ನ ದೂರಿಲ್ಲ. ತಿಂಗಳ ಸಂಬಳ ಬಂದಿದ್ದೂ, ಅಡಿಕೆಯ ಹಣ ಕೈಸೇರಿದ್ದೂ, "ಅವನದೇನು, ಆಮೇಲೆ ಕೊಟ್ಟರಾಯಿತು" ಎನ್ನುವವರೊಡನೆ ನನ್ನ ಜಗಳ. ಬರುವ ಭಾನುವಾರದೊಳಗೆ ಆ ಅಂಗಡಿಗೆ ಹೋಗಿ, ಪುಸ್ತಕ ತೆಗೆಸಿ, ನಿಮ್ಮ ಹೆಸರಿನ ಮುಂದೆ ಎಷ್ಟಿದೆಯೆಂದು ನೀವಾಗಿಯೇ ಕೇಳಿ.