ಹೊಸ ಇಂಗ್ಲಿಷಿನ ಭಾವದ ನುಡಿಗಳು



ಹೊರದೇಶದಲ್ಲಿ ವ್ಯಾಸಂಗ ಮಾಡುತ್ತಿರುವ ನನ್ನ ಮೊಮ್ಮಗಳು ಹೋದ ವರ್ಷ ಫೋನಿನಲ್ಲಿ "ಐ ಆ್ಯಮ್ ಡೆಡ್" ಎಂದು ಬರೆದು ಕಳುಹಿಸಿದಳು. ಈ ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಕಂಠಪಾಠ ಮಾಡಿದ ನಾನು ಎದೆ ಹಿಡಿದುಕೊಂಡು ಅವಳ ತಾಯಿಯನ್ನು ಕೂಗಿದೆನು. ತಡೆಯಲಾರದಷ್ಟು ನಗು ಬಂತೆಂಬದಷ್ಟೇ ಅದರ ಅರ್ಥವಂತೆ! ನಾವೂ "ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು" ಅನ್ನುತ್ತೇವಲ್ಲವೇ? ಅದಕ್ಕಾಗಿ ಯಾರೂ ವೈದ್ಯರನ್ನು ಕರೆಸುವದಿಲ್ಲ.

ಆದಕಾರಣ ಇಂಥ ಮಾತುಗಳನ್ನು ಕೆಟ್ಟ ಇಂಗ್ಲಿಷೆಂದು ತಳ್ಳಿಬಿಡುವವರ ಪಕ್ಷಕ್ಕೆ ನಾನು ಸೇರಲಾರೆನು. ಕನ್ನಡ ಕಲಿತ ಕಿಟ್ಟೆಲರು 1894ರಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ನಮ್ಮ ಗಾದೆಗಳಿಗೂ ಸ್ಥಳ ಕೊಟ್ಟರು, ನಮಗೇಕೆ ತಾತ್ಸಾರ? ಇವೆಲ್ಲವೂ ನಿನ್ನೆ ಹುಟ್ಟಿದವುಗಳೂ ಅಲ್ಲ. ಮುನಿಸಿಕೊಂಡವರಿಗೆ "ಸಾಲ್ಟಿ" ಎಂಬ ಮಾತು ಆಫ್ರಿಕ ಮೂಲದ ಅಮೇರಿಕದ ಜನರಲ್ಲಿ 1930ರ ದಶಕದಲ್ಲಿಯೇ ಇತ್ತು. ನಮಗೆ ಉಪ್ಪೆಂದರೆ ಋಣ, ಅವರಿಗೆ ಮುನಿಸು. ನಮ್ಮ ಹುಡುಗಿಯರು ಇಲ್ಲಿ ಎಡವಿದರೆ ಆಶ್ಚರ್ಯವೇನು? "ಗ್ಯಾಸ್‌ಲೈಟಿಂಗ್" ಎಂಬದು ಪ್ಯಾಟ್ರಿಕ್ ಹ್ಯಾಮಿಲ್ಟನರ 1938ರ ನಾಟಕದಿಂದ ಬಂದುದು. ಅದರಲ್ಲಿ ಗಂಡನು ಹೆಂಡತಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಅವಳನ್ನೇ ನಂಬಿಸಲು ಹವಣಿಸುತ್ತಾನೆ. ಇಷ್ಟು ಘೋರವಾದ ಶಬ್ದವನ್ನು ಇಂದಿನ ಮಕ್ಕಳು ಬರೇ ಭಿನ್ನಾಭಿಪ್ರಾಯಕ್ಕೂ ಉಪಯೋಗಿಸುತ್ತಾರೆ.

ನನಗಿರುವ ಆಕ್ಷೇಪ ಇಷ್ಟೇ. ದೊಡ್ಡ ಶಬ್ದಗಳನ್ನು ಚಿಕ್ಕ ಬೇಸರಗಳಿಗೆ ವೆಚ್ಚ ಮಾಡಿದವಳಿಗೆ ದೊಡ್ಡ ದುಃಖ ಬಂದ ದಿನ ಕೈಯಲ್ಲಿ ಏನುಳಿಯುವದು? ಕೆಲವು ತಿಂಗಳ ತರುವಾಯ ಅದೇ ಮೊಮ್ಮಗಳು "ಡೆಡ್ ಇನ್‌ಸೈಡ್" ಎಂದು ಬರೆದಳು. ಆ ವೇಳೆಗೆ ನಾನು ಜಾಣಳಾಗಿದ್ದೆನಲ್ಲಾ! ನಗುವ ಮುಖದ ಚಿತ್ರವೊಂದನ್ನು ಕಳುಹಿಸಿ ಸುಮ್ಮನಾದೆನು. ಅವಳು ಪರೀಕ್ಷೆಯಲ್ಲಿ ತಪ್ಪಿ, ಕೋಣೆಯ ಬಾಗಿಲು ಮುಚ್ಚಿಕೊಂಡು, ಸರಿಯಾಗಿ ಉಣ್ಣದೆ ಮಲಗಿದ್ದಳೆಂಬದು ನಾಲ್ಕು ದಿನಗಳ ಮೇಲೆ ತಿಳಿಯಿತು. ಗೆಳತಿಯರೊಳಗೆ ಆ ಮಾತು ವಿನೋದಕ್ಕೂ ಸಲ್ಲುವದಂತೆ, ನಿಜವಾದ ವ್ಯಥೆಗೂ ಸಲ್ಲುವದಂತೆ. ಯಾವುದು ಯಾವಾಗೆಂಬದನ್ನು ಯಾವ ನಿಘಂಟು ಹೇಳೀತು?

ಇಂಗ್ಲಿಷ್ ಪಾಠದಲ್ಲಿ ಈ ನುಡಿಗಳಿಗೂ ಒಂದೆರಡು ತಾಸು ಮೀಸಲಿಡತಕ್ಕದ್ದೆಂದು ನನ್ನ ಅಭಿಪ್ರಾಯ. ಉತ್ತರಪತ್ರಿಕೆಯಲ್ಲಿ ಬರೆಯುವದಕ್ಕಲ್ಲ, ಕೇಳಿದಾಗ ತಿಳಿಯುವದಕ್ಕೆ. ಯಾರು, ಯಾರಿಗೆ, ಯಾವ ಸ್ವರದಲ್ಲಿ ಅಂದರೆಂಬದನ್ನು ಉಪಾಧ್ಯಾಯಿನಿಯರು ಹುಡುಗಿಯರಿಂದಲೇ ಕೇಳಿ ತಿಳಿಯಬಹುದು. ತಾಯಂದಿರು ಸಂಶಯ ಬಂದಲ್ಲಿ ಊಹಿಸದೆ ತಿರುಗಿ ಕೇಳಲಿ, ಅದೂ ಮನೆಯ ಮಾತಿನಲ್ಲಿ.

ಈಗ ಅವಳು ಏನನ್ನೇ ಬರೆಯಲಿ, "ಊಟವಾಯಿತೇ ಮಗಳೇ?" ಎಂದು ನಾನು ಕೇಳುತ್ತೇನೆ. ಮೊನ್ನೆ "ಇಲ್ಲ ಅಜ್ಜೀ" ಎಂದು ಉತ್ತರ ಬಂತು. ಆ ರಾತ್ರಿ ನಾವು ಬಹಳ ಹೊತ್ತು ಮಾತಾಡಿದೆವು.