ಮೊಂಡು ಚಾಕು, ಬ್ಲಂಟ್ ಹುಡುಗಿ

ನಮ್ಮ ಮಿಯಾಪುರದ ಅಪಾರ್ಟ್‌ಮೆಂಟಿನ ಗೇಟಿಗೆ ಒಂದೆರಡು ತಿಂಗಳಿಗೊಮ್ಮೆ ಸಾಣೆ ಹಿಡಿಯುವವನು ಬರುತ್ತಾನೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದರೆ ಮುಂದೆ ಕಟ್ಟಿದ ಕಲ್ಲು ಗಿರ್ರನೆ ತಿರುಗುತ್ತದೆ. ಹೋದ ಭಾನುವಾರ ಅಡುಗೆಮನೆಯ ಎರಡು ಚಾಕು, ಊರಿನಿಂದ ಹೊತ್ತು ತಂದ ಈಳಿಗೆಮಣೆ ಹಿಡಿದು ಕೆಳಗೆ ಹೋದೆ. ನನ್ನ ಹರಕುಮುರುಕು ತೆಲುಗಿನಲ್ಲಿ "ಕತ್ತಿ ಮೊಂಡಿ ಅಯಿಪೋಯಿಂದಿ" ಅಂದೆ. ಚಾಕು ಮೊಂಡಾಗಿದೆ ಅನ್ನಲು ಕನ್ನಡದವರಿಗೆ ಹೆಚ್ಚು ಕಷ್ಟವಿಲ್ಲ ನೋಡಿ, ಒಂದು ಗುಣಿಸು ಬದಲಾಯಿಸಿದರೆ ಸಾಕು.

ಆತ ಅಲಗಿನ ಮೇಲೆ ಹೆಬ್ಬೆರಳು ಆಡಿಸಿ ಹೇಳಿದ: "ಕತ್ತಿ ಮೊಂಡಿದಯಿತೇ ಸಾನ ಪಡತಾಂ ಸಾರ್. ಮನಿಷಿ ಮೊಂಡಿವಾಡಯಿತೇ ಏಂ ಚೇಸ್ತಾಂ?" ಚಾಕು ಮೊಂಡಾದರೆ ಸಾಣೆ ಹಿಡಿಯಬಹುದು, ಮನುಷ್ಯನೇ ಮೊಂಡನಾದರೆ ಏನು ಮಾಡೋದು ಅಂತ. ಎಲ್ಲ ಗಿರಾಕಿಗಳಿಗೂ ಹೇಳುವ ಮಾತಿರಬೇಕು, ತಾನೇ ನಕ್ಕ. ನನಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ಈ ಪದದಿಂದ ಒಬ್ಬರ ಹೊಟ್ಟೆಯ ಮೇಲೆ ಹೊಡೆದಿದ್ದೇನೆ.

ಆಗ ನನ್ನ ಟೀಮಿನಲ್ಲಿ ಕರೀಂನಗರದ ಕಡೆಯ ಒಬ್ಬ ಹುಡುಗಿ ಇದ್ದಳು. ಕಾಲೇಜು ಮುಗಿಸಿ ನೇರವಾಗಿ ಬಂದವಳು, ಟೆಸ್ಟಿಂಗ್ ಕೆಲಸ. ಒಂದು ದಿನ ಗ್ರಾಹಕರ ಜೊತೆಗಿನ ಮೀಟಿಂಗಿನಲ್ಲಿ ನಾವೆಲ್ಲ ಶುಕ್ರವಾರದ ರಿಲೀಸ್ ಬಗ್ಗೆ ಸುತ್ತಿ ಬಳಸಿ ಮಾತಾಡುತ್ತಿದ್ದಾಗ ಅವಳು, "ಶುಕ್ರವಾರ ಆಗಲ್ಲ. ಮೂರು ಬಗ್ ಹಾಗೇ ಇವೆ. ಹೋದ ವಾರವೇ ಬರೆದಿದ್ದೇನೆ" ಅಂದುಬಿಟ್ಟಳು. ಇಡೀ ಕೋಣೆ ಗಪ್‌ಚುಪ್. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ರಿಲೀಸ್ ಮುಂದಕ್ಕೆ ಹೋಯಿತು, ನಮ್ಮ ಮಾನವೂ ಉಳಿಯಿತು.

ವರ್ಷದ ಕೊನೆಯ ರಿವ್ಯೂನಲ್ಲಿ ನಾನು ಇಂಗ್ಲಿಷಿನಲ್ಲಿ ಬರೆದೆ: ಕೆಲಸದಲ್ಲಿ ಗಟ್ಟಿ, ಆದರೆ ಕೆಲವೊಮ್ಮೆ ಬ್ಲಂಟ್. ಅರ್ಧ ಮೆಚ್ಚುಗೆ, ಅರ್ಧ ಕಿವಿಮಾತು ಅಂತ ನನ್ನ ಲೆಕ್ಕ.

ರೇಟಿಂಗ್ ಅಂತಿಮಗೊಳಿಸಲು ನಾಲ್ಕು ಜನ ಕೂತಿದ್ದೆವು. ಹಿರಿಯರೊಬ್ಬರು ಅದನ್ನು ಓದಿ, "ಬ್ಲಂಟಾ? ಮೊಂಡಿದಿ ಅನ್ನಮಾಟ!" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ಪ್ರಶ್ನೆ, "ಅಂದರೆ ಹೇಳಿದ್ದು ಕೇಳಲ್ವಾ?" ಅಲ್ಲೇ ಬಾಯಿ ಬಿಡಬೇಕಿತ್ತು. ಇನ್ನೂ ಹನ್ನೊಂದು ಹೆಸರು ಬಾಕಿ ಇದ್ದವು, ಊಟದ ಹೊತ್ತಾಗಿತ್ತು. ಅವಳ ರೇಟಿಂಗ್ ಒಂದು ಮೆಟ್ಟಿಲು ಇಳಿಯಿತು. ಇನ್‌ಕ್ರಿಮೆಂಟೂ ಅದರ ಜೊತೆಗೇ ಇಳಿಯಿತು.

ಚಾಕುವಿನ ವಿಷಯದಲ್ಲಿ ಬ್ಲಂಟ್, ಮೊಂಡು, ಮೊಂಡಿ ಮೂರೂ ಒಂದೇ. ಮನುಷ್ಯನ ಮೇಲೆ ಬಂದಾಗ ದಾರಿ ಬೇರೆಯಾಗುತ್ತದೆ. ಇಂಗ್ಲಿಷಿನವರು ನೋಡುವುದು ಬಾಯಿಯನ್ನು. ಮಾತು ನಯವಾಗಿ ಹೊರಗೆ ಬರದವನು ಬ್ಲಂಟ್. ನಾವೂ ತೆಲುಗರೂ ನೋಡುವುದು ಕಿವಿಯನ್ನು. ಯಾರ ಮಾತೂ ಒಳಗೆ ಇಳಿಯದವನು ಮೊಂಡ. ಮೊಂಡು ಹಠ, ಮೊಂಡುವಾದ ಅನ್ನುತ್ತೇವಲ್ಲ, ಅದು. ತೆಲುಗಿನಲ್ಲಂತೂ ಮೊಂಡಿವಾಡು ರಾಜನಿಗಿಂತ ಬಲವಂತ ಅನ್ನುವ ಗಾದೆಯೇ ಇದೆ. ಆ ಹುಡುಗಿಯ ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ. ಒಮ್ಮೆ ಹೇಳಿದರೆ ಎರಡನೆಯ ಸಲ ಹೇಳಬೇಕಾಗಿರಲಿಲ್ಲ.

ಆಮೇಲೆ, ಅಪರಾಧ ಮಾಡಿದವರೆಲ್ಲ ಮಾಡುವ ಹಾಗೆ, ನಾನು ನಿಘಂಟು ತೆಗೆದು ಕೂತೆ. ಇಂಗ್ಲಿಷಿನಲ್ಲಿ ಈ ಪದ ಮೊದಲು ಅಂಟಿದ್ದು ಚಾಕುವಿಗಲ್ಲ, ಮಂದಬುದ್ಧಿಯವನಿಗೆ. ಅಲಗಿಗೆ ಬಂದದ್ದು 14ನೇ ಶತಮಾನದಲ್ಲಿ, ನಯವಿಲ್ಲದ ಮಾತಿಗೆ ಬಂದದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ. 1599ರಲ್ಲಿ ರಂಗಕ್ಕೆ ಬಂದ ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದಲ್ಲಿ ಆಂಟನಿ ತಾನು ಭಾಷಣಕಾರನಲ್ಲ, ಬರೀ ಬ್ಲಂಟ್ ಮನುಷ್ಯ ಅಂತ ಜನರ ಮುಂದೆ ಹೇಳಿಕೊಳ್ಳುತ್ತಾನೆ. ಹಾಗೆ ಹೇಳುತ್ತಲೇ ಇಡೀ ರೋಮನ್ನು ದಂಗೆ ಎಬ್ಬಿಸುತ್ತಾನೆ. ಅಂಥ ಜಾಣರಿಗೆ ಈ ಪದ ಬಿರುದು, ನಮ್ಮ ಹುಡುಗಿಗೆ ಮಾತ್ರ ಕಪ್ಪುಚುಕ್ಕೆ.

ಹಾಗಾದರೆ ಇಂಗ್ಲಿಷಿನ ಬ್ಲಂಟ್‌ಗೆ ನಮ್ಮಲ್ಲಿ ಏನಿದೆ? ಕನ್ನಡದಲ್ಲಿ ಕಡ್ಡಿ ಮುರಿದ ಹಾಗೆ ಮಾತಾಡುತ್ತೇವೆ. ತೆಲುಗಿನಲ್ಲಿ ಕುಂಡ ಬದ್ದಲು ಕೊಟ್ಟಿನಟ್ಟು, ಅಂದರೆ ಮಡಕೆ ಒಡೆದ ಹಾಗೆ. ಹಿಂದಿ, ಉರ್ದುವಿನಲ್ಲಿ ದೋ ಟೂಕ್, ಎರಡು ತುಂಡು. ಎಲ್ಲರೂ ಏನನ್ನಾದರೂ ಮುರಿಯುವವರೇ, ಮೊಂಡು ಅಲಗನ್ನು ಯಾರೂ ಹಿಡಿದಿಲ್ಲ. ನಿಷ್ಠುರ ಅಂತಲೂ ಅನ್ನಬಹುದು. ಆದರೆ ನಮ್ಮಲ್ಲಿ ನಿಷ್ಠುರವನ್ನು ಕಟ್ಟಿಕೊಳ್ಳುತ್ತೇವೆ, ಹೊಡೆತ ಹೇಳಿದವರಿಗೇ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ರೇಟಿಂಗ್ ಕೈಗೆ ಬಂದ ದಿನ ಅವಳು ನನ್ನ ಟೇಬಲ್ಲಿನ ಹತ್ತಿರ ಬಂದಳು. ಮೀಟಿಂಗಿನ ನಗು ಹೇಗೋ ಅವಳ ಕಿವಿಗೆ ಬಿದ್ದಿತ್ತು. "ಸರ್, ನೀವು ಹೇಳಿದ ಯಾವ ಕೆಲಸ ನಾನು ಮಾಡಿಲ್ಲ?" ನಾನು ಬಾಯಿ, ಕಿವಿ ಅಂತ ಮೇಲೆ ಬರೆದದ್ದನ್ನೆಲ್ಲ ಅವಳಿಗೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಇದನ್ನು ಆ ರೂಮಿನಲ್ಲಿ ಹೇಳಿದ್ರಾ ಸರ್?" ಅಂದಳು.

ಆ ಸಂಜೆ ಎಚ್‌ಆರ್‌ಗೆ ಮೇಲ್ ಬರೆದೆ. ರೇಟಿಂಗ್ ಲಾಕ್ ಆಗಿದೆ, ನಿಮ್ಮ ವಿವರಣೆಯನ್ನು ಕಡತಕ್ಕೆ ಸೇರಿಸುತ್ತೇವೆ ಅಂತ ಉತ್ತರ ಬಂತು. ನಾಲ್ಕು ತಿಂಗಳಲ್ಲಿ ಅವಳು ಬೇರೆ ಕಂಪನಿ ನೋಡಿಕೊಂಡಳು. ಹೋಗುವಾಗ ಎಲ್ಲರಿಗೂ ಸಿಹಿ ಹಂಚಿದಳು, ನನಗೂ ಕೊಟ್ಟಳು. ಹೆಚ್ಚು ಮಾತಾಡಲಿಲ್ಲ.

ಈ ಸೋಮವಾರ, ಸಾಣೆಯವನು ಬಂದುಹೋದ ಮರುದಿನವೇ, ಗೊತ್ತಿಲ್ಲದ ನಂಬರಿನಿಂದ ಫೋನು. ಅವಳು ಈಗ ಇನ್ನೊಂದು ಕಡೆ ಅರ್ಜಿ ಹಾಕಿದ್ದಾಳಂತೆ, ಹಳೆಯ ಮ್ಯಾನೇಜರ್ ಅಂತ ನನ್ನ ಹೆಸರು ಕೊಟ್ಟಿದ್ದಾಳೆ. ಕೊಡಬಹುದೆಂದು ನಾನು ಎಣಿಸಿರಲಿಲ್ಲ. ಆ ಕಡೆಯ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಕೇಳಿದರು, "ಅವರ ಕಮ್ಯೂನಿಕೇಶನ್ ಹೇಗೆ?" ಹಳೆಯ ಪದ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಆ ಶುಕ್ರವಾರದ ಕಥೆಯನ್ನು ಇದ್ದ ಹಾಗೇ ಹೇಳಿದೆ: ಮೂರು ಬಗ್, ಗಪ್‌ಚುಪ್ ಆದ ಕೋಣೆ, ಉಳಿದ ಮಾನ. ಕೀಬೋರ್ಡಿನ ಟಪಟಪ ಕೇಳುತ್ತಿತ್ತು. ಎಲ್ಲ ಮುಗಿದ ಮೇಲೆ ಅವರು, "ಓಕೆ ಸರ್, ಅಂದರೆ ಸ್ವಲ್ಪ ಬ್ಲಂಟ್ ಅಂತ ಬರೆದುಕೊಳ್ಳಲಾ?" ಅಂದರು.

"ಒಂದು ನಿಮಿಷ ಮೇಡಂ," ಅಂದೆ, "ನಿಮ್ಮ ಮಾತೃಭಾಷೆ ಯಾವುದು?"